ಹತ್ತು ನಿಮಿಷದಲ್ಲಿ ಬರ್ತಾರೆ

ಶಿರೀಷ್ ಅರಿವಳಿಕೆ ಕೊಡುವ ಡಾಕ್ಟರು. ಸಾತಾರಾದಲ್ಲಿ ಹೊಟ್ಟೆ ಕೊಯ್ದವರ ಹೆಸರು ಊರಿಗೆಲ್ಲ ಗೊತ್ತಿರುತ್ತದೆ, ಅರಿವಳಿಕೆ ಕೊಟ್ಟವರ ಹೆಸರು ರೋಗಿಗೂ ನೆನಪಿರುವುದಿಲ್ಲ. ಅವನಿಗೆ ಸ್ವಂತ ಆಸ್ಪತ್ರೆಯೂ ಇರಲಿಲ್ಲ. ನಾಲ್ಕು ಕಡೆಯಿಂದ ಫೋನ್ ಬರುತ್ತಿತ್ತು, ಕರೆದಲ್ಲಿಗೆ ಓಡುತ್ತಿದ್ದ. ಅವನು ಸ್ನಾನದಲ್ಲೋ ಊಟದಲ್ಲೋ ಇದ್ದಾಗ ಫೋನ್ ಎತ್ತುವವಳು ಹೆಂಡತಿ ಹೇಮಾಂಗಿ. ಮದುವೆಯಾದ ಹದಿನಾಲ್ಕು ವರ್ಷಗಳಲ್ಲಿ ಅವಳು ಫೋನಿನಲ್ಲಿ ಹೇಳಿದ್ದು ಒಂದೇ ಮಾತು: "ಹತ್ತು ನಿಮಿಷದಲ್ಲಿ ಬರ್ತಾರೆ." ಹೇಳಿ, ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ ಆಸ್ಪತ್ರೆಯ ಹೆಸರು, ಹೊತ್ತು ಬರೆದಿಡುತ್ತಿದ್ದಳು.

ಕೊರೋನಾದ ಎರಡನೇ ಅಲೆ ಬಂದ ಮೇಲೆ ಚೌಕಗಳಲ್ಲಿ ಜಾಗ ಸಾಲಲಿಲ್ಲ. ಆಪರೇಷನ್ನುಗಳೆಲ್ಲ ನಿಂತಿದ್ದವು. ಈಗ ಕರೆಯುವುದು ಒಂದೇ ಕೆಲಸಕ್ಕೆ. ಉಸಿರು ಸೋತವರ ಗಂಟಲಿಗೆ ನಳಿಗೆ ಇಳಿಸುವುದಕ್ಕೆ. ಅದನ್ನು ಹೇಗೆ ಮಾಡುತ್ತೀ ಎಂದು ಆಯಿ, ಅಂದರೆ ಅವನ ತಾಯಿ, ಒಂದು ದಿನ ಕೇಳಿದ್ದರು. ಶಿರೀಷ್ ಊಟದ ಮೇಜಿನ ಮೇಲೆ ದಿಂಬು ಮಲಗಿಸಿ, ಬಗ್ಗಿ ತೋರಿಸಿದ್ದ. ಹೇಮಾಂಗಿ ಕಣ್ಣಲ್ಲೇ ಅಳೆದಳು. ಅವನ ಮುಖಕ್ಕೂ ದಿಂಬಿಗೂ ನಡುವೆ ಒಂದು ಗೇಣು.

ಅಂದಿನಿಂದ ಆ ಗೇಣು ಅವಳ ಎದೆಯಿಂದ ಕದಲಲಿಲ್ಲ.

ಊರಿನಲ್ಲಿ ಇದೇ ಕೆಲಸ ಮಾಡುತ್ತಿದ್ದ ಇನ್ನೊಬ್ಬರು ಬರ್ವೆ ಡಾಕ್ಟರು. ಯುಗಾದಿ ಪಾಡ್ಯದ ಮರುದಿನ ಅವರು ಅದೇ ಕಾಯಿಲೆಯಲ್ಲಿ ತೀರಿಹೋದರು. ಹೇಮಾಂಗಿಗೆ ಫೋನ್ ಮಾಡಿದ ಅವರ ಹೆಂಡತಿ ಅಳಲಿಲ್ಲ. "ಅವರ ಚಪ್ಪಲಿ ಬಾಗಿಲ ಹೊರಗೇ ಇದೆ ಹೇಮಾ. ಮುನ್ಸಿಪಾಲ್ಟಿಯವರು ಬಂದು ಅದರ ಸುತ್ತ ಬಿಳಿ ಪುಡಿ ಚೆಲ್ಲಿ ಹೋಗಿದಾರೆ. ಮುಟ್ಟಬಹುದಾ ಅಂತ ಯಾರನ್ನ ಕೇಳಲಿ?" ಎಂದರು. ಬರ್ವೆಯವರಿಗೆ ಬರುತ್ತಿದ್ದ ಕರೆಗಳೂ ಈಗ ಶಿರೀಷನಿಗೇ ಬರತೊಡಗಿದವು.

ಮಗಳನ್ನು ವಾಯಿ ಊರಿನಲ್ಲಿದ್ದ ಹೇಮಾಂಗಿಯ ತಂಗಿಯ ಮನೆಗೆ ಕಳಿಸಿಯಾಗಿತ್ತು. ಶಿರೀಷ್ ಹಿತ್ತಲ ಕೋಣೆಯಲ್ಲಿ ಒಬ್ಬನೇ ಮಲಗುತ್ತಿದ್ದ. ಹೇಮಾಂಗಿ ಆ ಬಾಗಿಲಿಗೆ ಕಿವಿಯಿಟ್ಟು ಕೂರುತ್ತಿದ್ದಳು. ಅವನು ಕೆಮ್ಮಿದರೆ ಅವಳ ಕೈಕಾಲು ತಣ್ಣಗಾಗುತ್ತಿತ್ತು, ಕೆಮ್ಮದೆ ಸುಮ್ಮನಿದ್ದರೆ ಇನ್ನೂ ತಣ್ಣಗಾಗುತ್ತಿತ್ತು. ಜೋಳದ ಭಾಕರಿ ತಟ್ಟೆಯಲ್ಲೇ ಉಳಿಯುತ್ತಿತ್ತು. ಬಾಚಿದರೆ ಹಣಿಗೆಯ ತುಂಬ ಕೂದಲು.

"ಬೇಳೆ ಆಮಟಿಗೆ ಎರಡು ಸಲ ಉಪ್ಪು ಹಾಕಿದೀಯ," ಎಂದರು ಆಯಿ. "ಸಾಯೋದಾದ್ರೆ ಕೊರೋನಾದಿಂದ ಸಾಯ್ತೀನಿ ತಾಯಿ, ನಿನ್ನ ಉಪ್ಪಿನಿಂದ ಬೇಡ."

ಹೇಮಾಂಗಿಗೆ ನಗು ಬರಲಿಲ್ಲ. ಆಯಿ ತಟ್ಟೆ ಸರಿಸಿ ಅವಳ ಮುಖ ನೋಡಿದರು. "ಅವನಿಗೆ ಹೇಳಬಾರದಾ, ಸ್ವಲ್ಪ ದಿನ ಬಿಡು ಅಂತ?"

"ಹೇಳಿದೆ."

"ಏನಂದ?"

"ಬಿಟ್ರೆ ಯಾರು ಹೋಗ್ತಾರೆ ಅಂದ್ರು."

ಆ ಮಂಗಳವಾರ ಅವನು ಮನೆಗೆ ಬಂದಾಗ ಮಧ್ಯಾಹ್ನ ಹನ್ನೆರಡೂವರೆ. ಹಿಂದಿನ ದಿನ ಬೆಳಿಗ್ಗೆ ಹೋದವನು. ಬಟ್ಟೆಯನ್ನು ಬ್ಲೀಚಿನ ಬಕೆಟ್ಟಿಗೆ ಹಾಕಿದ, ಪ್ಲಾಸ್ಟಿಕ್ ಚೀಲದೊಳಗಿದ್ದ ಫೋನನ್ನು ಕಿಟಕಿಯ ಕಟ್ಟೆಯ ಮೇಲಿಟ್ಟ. ಹಿತ್ತಲ ಬಚ್ಚಲಿಗೆ ಹೋಗುವಾಗ ಗೋಡೆ ಹಿಡಿದುಕೊಂಡು ನಡೆದ. ಮಾಸ್ಕಿನ ಅಂಚು ಕೊರೆದು ಮೂಗಿನ ಮೇಲೆ ಗಾಯವಾಗಿತ್ತು. ಹೇಮಾಂಗಿ ಚೀಲಕ್ಕೆ ಸ್ಯಾನಿಟೈಸರ್ ಹಾಕಿ ಒರೆಸುತ್ತಿದ್ದಂತೆ ಫೋನ್ ಬಡಿದುಕೊಂಡಿತು.

"ವೈನಿ, ನಾನು ಆಸ್ಪತ್ರೆಯಿಂದ ಮಂದಾ ಸಿಸ್ಟರ್. ಸರ್ ಬಂದ್ರಾ? ಏಳನೇ ಬೆಡ್ಡು. ಆಕ್ಸಿಜನ್ ಅರವತ್ತೆಂಟಕ್ಕೆ ಇಳಿದಿದೆ. ನಳಿಗೆ ಹಾಕಲೇಬೇಕು. ಬೇಗ ಕಳಿಸಿ."

ಬಚ್ಚಲಲ್ಲಿ ನೀರು ಸುರಿಯುವ ಸದ್ದು. ತಂಬಿಗೆಗೂ ತಂಬಿಗೆಗೂ ನಡುವೆ ಬಹಳ ಹೊತ್ತು ಹಿಡಿಯುತ್ತಿತ್ತು. ಕೈ ಎತ್ತಲಾಗುತ್ತಿಲ್ಲ ಅವನಿಗೆ, ಎಂದುಕೊಂಡಳು ಹೇಮಾಂಗಿ.

"ಇಲ್ಲ ಸಿಸ್ಟರ್," ಎಂದಳು. "ಅವರು ಊರಲ್ಲಿಲ್ಲ. ಫೋನ್ ಇಲ್ಲೇ ಮರೆತು ಕರಾಡಿಗೆ ಹೋಗಿದಾರೆ."

"ಅಯ್ಯೋ! ಯಾವಾಗ ಬರ್ತಾರೆ?"

"ಗೊತ್ತಿಲ್ಲ. ಸಂಜೆ ಆಗಬಹುದು."

ಫೋನ್ ಇಟ್ಟು ಅದರ ಸದ್ದು ಅಡಗಿಸಿದಳು. ಕ್ಯಾಲೆಂಡರಿನ ಮುಂದೆ ಪೆನ್ನು ಹಿಡಿದು ನಿಂತು, ಏನೂ ಬರೆಯದೆ ಪೆನ್ನನ್ನು ಡಬ್ಬಿಯ ಹಿಂದೆ ಇಟ್ಟಳು.

"ಯಾರದಾದ್ರೂ ಫೋನ್ ಬಂತಾ?" ತಲೆ ಒರೆಸುತ್ತಾ ಅವನು ಕೇಳಿದ.

"ಇಲ್ಲ."

ಅವನು ಚೌಕದತ್ತ ನೋಡಿದ. ಖಾಲಿಯಿತ್ತು. ಎಷ್ಟೋ ದಿನಗಳ ಮೇಲೆ ಅವನ ಭುಜ ಇಳಿಯಿತು. ಅನ್ನಕ್ಕೆ ಕಡಲೆಹಿಟ್ಟಿನ ಪಿಠಲ ಕಲಸುತ್ತಾ ತೂಕಡಿಸಿದ, ತುತ್ತು ಕೈಯಲ್ಲೇ ಉಳಿಯಿತು. ಕೈ ತೊಳೆಸಿ ಮಲಗಿಸಿದಳು. ಅವನ ಕೋಣೆಯ ಹೊಸಿಲ ಮೇಲೆ ಕುಳಿತು ಎದೆ ಏರಿಳಿಯುವುದನ್ನು ನೋಡಿದಳು. ಹಣೆಯ ಗೆರೆಗಳು ಸಡಿಲವಾಗಿದ್ದವು. ಅವಳಿಗೂ ಹಸಿವಾಯಿತು. ಅವನ ತಟ್ಟೆಯಲ್ಲಿ ಉಳಿದಿದ್ದ ಪಿಠಲವನ್ನೇ ತಿಂದಳು. ತಿಂಗಳೊಂದರಲ್ಲಿ ರುಚಿ ಹತ್ತಿದ ಊಟ ಅದೊಂದೇ.

ಐದು ಗಂಟೆಗೆ ಎದ್ದು ಅವನು ಫೋನ್ ನೋಡಿದ. ಹನ್ನೊಂದು ಕರೆ. ಎಲ್ಲ ಒಂದೇ ನಂಬರಿನಿಂದ. ಫೋನ್ ಚೀಲದೊಳಗೇ ಇರುತ್ತಿದ್ದರಿಂದ ಅವನು ಯಾವಾಗಲೂ ಸ್ಪೀಕರ್ ಹಾಕಿಯೇ ಮಾತಾಡುತ್ತಿದ್ದ.

"ಸರ್, ಕರಾಡಿನಿಂದ ಬಂದ್ರಾ?" ಮಂದಾ ಸಿಸ್ಟರ್ ದನಿ ಬಿದ್ದುಹೋಗಿತ್ತು. "ಏಳನೇ ಬೆಡ್ಡು ಹೋಯ್ತು ಸರ್. ಹೊಸ ಹುಡುಗ ಡಾಕ್ಟರು ಮೂರು ಸಲ ನೋಡಿದ್ರು, ನಳಿಗೆ ಹೋಗಲಿಲ್ಲ. ಎರಡು ಗಂಟೆಗೆ... ಮೂವತ್ತೊಂದು ವರ್ಷ ಸರ್ ಆಕೆಗೆ."

ಶಿರೀಷ್ ಹೆಂಡತಿಯ ಕಡೆ ತಿರುಗಿದ. ಹೇಮಾಂಗಿ ಬಾಗಿಲ ಚೌಕಟ್ಟು ಹಿಡಿದಿದ್ದಳು. ಒಳಗಿನಿಂದ ಆಯಿಯ ಜಪದ ಪಿಟಿಪಿಟಿ ನಿಂತುಹೋಯಿತು.

"ಸರ್? ಕೇಳಿಸ್ತಿದೆಯಾ?"

"ಹ್ಞೂಂ ಸಿಸ್ಟರ್," ಎಂದ ಅವನು. "ಕರಾಡಿನಲ್ಲಿದ್ದೆ. ಫೋನ್ ನೋಡಲಿಲ್ಲ. ತಪ್ಪು ನನ್ನದು."

ಬೈದಿದ್ದರೆ ಅವಳು ಕಾಲು ಹಿಡಿಯುತ್ತಿದ್ದಳು. ಹೊಡೆದಿದ್ದರೆ ಹೊಡೆಸಿಕೊಳ್ಳುತ್ತಿದ್ದಳು. ಅವನು ಅಂಗಿ ಹಾಕಿಕೊಂಡ. ಮೂರು ಗುಂಡಿ ತಪ್ಪಾಗಿ ಹಾಕಿ, ಬಿಚ್ಚಿ, ಮತ್ತೆ ಹಾಕಿದ.

"ನೀವು ಬದುಕಿರಲಿ ಅಂತ ಮಾಡಿದೆ ರೀ," ಎಂದಳು. "ಒಂದು ಮಧ್ಯಾಹ್ನ. ಒಂದೇ ಒಂದು ಮಧ್ಯಾಹ್ನ ಅಂದ್ಕೊಂಡೆ."

"ಗೊತ್ತು."

"ಬೈರಿ ನನಗೆ."

"ಹೇಮಾ, ನನಗೆ ಶಕ್ತಿಯಿಲ್ಲ." ಅವನು ಚಪ್ಪಲಿ ಮೆಟ್ಟಿ ಹೊರಟ. ಬೈಕಿನ ಸದ್ದು ಮೂಲೆಯಲ್ಲಿ ಕರಗಿತು. ಅವಳು ಡಬ್ಬಿಯ ಹಿಂದಿನಿಂದ ಪೆನ್ನು ತೆಗೆದು ಖಾಲಿ ಚೌಕದಲ್ಲಿ ಬರೆದಳು: ಏಳನೇ ಬೆಡ್ಡು, ಹನ್ನೆರಡು ನಲವತ್ತು. ಆಕೆಯ ಹೆಸರು ಗೊತ್ತಿರಲಿಲ್ಲ.

ಮರುದಿನ ಮಧ್ಯಾಹ್ನ ಅವನು ಬಂದ. ಬಟ್ಟೆ ಬಕೆಟ್ಟಿಗೆ ಹಾಕಿದ. ಇನ್ನು ಫೋನನ್ನು ಬಚ್ಚಲಿಗೇ ಒಯ್ಯುತ್ತಾನೆ ಎಂದುಕೊಂಡಿದ್ದಳು ಹೇಮಾಂಗಿ. ಹಾಗೇ ಆಗಲಿ ಎಂದು ಬೇಡಿಕೊಂಡೂ ಇದ್ದಳು. ಅವನು ಅದನ್ನು ಎಂದಿನಂತೆ ಕಿಟಕಿಯ ಕಟ್ಟೆಯ ಮೇಲಿಟ್ಟ.

"ಬೇಡ," ಎಂದಳು. "ನನ್ನ ಹತ್ತಿರ ಬಿಡಬೇಡಿ. ನನ್ನನ್ನ ನಂಬಬೇಡಿ."

"ಇನ್ಯಾರನ್ನ ನಂಬಲಿ?" ಎಂದು ಅವನು ಕ್ಯಾಲೆಂಡರಿನ ಹಿಂದಿನ ದಿನದ ಚೌಕವನ್ನು ಒಂದು ಗಳಿಗೆ ನೋಡಿ, ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋದ.

ಎರಡನೇ ತಂಬಿಗೆಗೆ ಫೋನ್ ಬಂತು. ಅವಳು ನೋಡುತ್ತಾ ನಿಂತಳು. ಅದು ಕಟ್ಟೆಯ ಮೇಲೆ ನಡುಗುತ್ತಾ ಅಂಚಿಗೆ ಸರಿಯಿತು. ಆಯಿ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತರು. ಹೇಮಾಂಗಿ ಎತ್ತಿದಳು.

"ವೈನಿ, ಸರ್..."

ಅವಳ ಕಣ್ಣೆದುರು ದಿಂಬು, ಅದರ ಮೇಲೆ ಬಗ್ಗಿದ ಮುಖ, ನಡುವೆ ಒಂದು ಗೇಣು.

"ಹತ್ತು ನಿಮಿಷದಲ್ಲಿ ಬರ್ತಾರೆ," ಎಂದಳು. "ಹೆಸರೇನು ಸಿಸ್ಟರ್ ಅವರದು?"

ಹೆಸರು ಬರೆದುಕೊಂಡು, ಬಚ್ಚಲ ಬಾಗಿಲಿಗೆ ಹೋಗಿ ತನ್ನ ಕೈಯಿಂದಲೇ ತಟ್ಟಿದಳು.