ಸುಲಭಾಳ ಇಬ್ಬರು ಮಕ್ಕಳು

ಬೀಗರ ಮನೆಯಲ್ಲಿ ಹೆಣ್ಣಿನ ತಾಯಿಗೆ ಕೈಗೊಂದು ಕೆಲಸ ಸಿಗುವುದಿಲ್ಲ ಎಂಬುದು ಪುಣೆಯ ನಿಗಡಿಗೆ ಬಂದು ವಾರ ಕಳೆಯುವುದರೊಳಗೆ ಶಿವಬಸವ್ವನಿಗೆ ಗೊತ್ತಾಯಿತು. ರೊಟ್ಟಿ ಬಡಿಯಲು ಹೋದರೆ ಬೀಗತಿ ನರ್ಮದಾಬಾಯಿ ಹಿಟ್ಟಿನ ಪರಾತವನ್ನು ತಮ್ಮ ಕಡೆ ಎಳೆದುಕೊಳ್ಳುತ್ತಿದ್ದರು. ಬಟ್ಟೆ ಮಡಚಲು ಕೂತರೆ ಮಡಿಕೆಯ ರೀತಿ ಬೇರೆ ಎಂದು ಆಮೇಲೆ ತಾವೇ ಬಿಚ್ಚಿ ಮತ್ತೆ ಮಡಚುತ್ತಿದ್ದರು. ಎಲ್ಲಾ ಮರ್ಯಾದೆಯಿಂದಲೇ. ಶಿವಬಸವ್ವ ಬಾಲ್ಕನಿಗೆ ಹೋಗುವುದು, ಒಳಗೆ ಬರುವುದು, ಮಗಳ ಕೋಣೆಯ ಬಾಗಿಲಲ್ಲಿ ನಿಲ್ಲುವುದು, ಮತ್ತೆ ಬಾಲ್ಕನಿಗೆ ಹೋಗುವುದು, ಹೀಗೇ ಹೊತ್ತು ಕಳೆಯುತ್ತಿದ್ದಳು.

ಚೊಚ್ಚಲ ಹೆರಿಗೆ ತವರಿನಲ್ಲಿ, ಬಿಜಾಪುರದಲ್ಲೇ ಆಗಬೇಕಿತ್ತು. ಆದರೆ ಮಗಳು ರೇಣುಗೆ ಬಿಪಿ ಏರಿತ್ತು, ಪ್ರಯಾಣ ಬೇಡವೆಂದು ಡಾಕ್ಟರಮ್ಮ ಹೇಳಿಬಿಟ್ಟಿದ್ದರು. ಅಂಗಡಿ ಮುಚ್ಚಿ ಬರುವುದು ಗಂಡ ಶಿವರುದ್ರಪ್ಪನಿಗೆ ಆಗದ ಮಾತು. ಹಾಗಾಗಿ ತಾಯಿಯೊಬ್ಬಳೇ ಬಂದಿಳಿದಿದ್ದಳು, ಡಬ್ಬಿಯಲ್ಲಿ ಬಾಣಂತಿಗೆಂದು ಅಳವಿ ಉಂಡಿ, ಗಂಟಿನಲ್ಲಿ ಹಳೆಯ ಸೀರೆಯ ಕೌದಿ ಕಟ್ಟಿಕೊಂಡು.

ಬಂದ ಮೂರನೆಯ ದಿನವೇ ರೇಣು ಆ ಮಾತು ತೆಗೆದಳು. ಅವಳು ಒಬ್ಬಾಕೆಯನ್ನು ಹುಡುಕುತ್ತಿದ್ದಳು. ಸೂಲಗಿತ್ತಿಯಲ್ಲ, ನರ್ಸೂ ಅಲ್ಲ. ಹೆರಿಗೆ ಮಾಡಿಸುವುದು ಡಾಕ್ಟರರ ಕೆಲಸ. ನೋವು ಶುರುವಾದಾಗಿನಿಂದ ಕೂಸು ಕೈಗೆ ಬರುವತನಕ ಹೆರುವವಳ ಪಕ್ಕ ಬಿಡದೆ ಇರುವುದು ಇವಳ ಕೆಲಸ. ಡೂಲಾ ಅನ್ನುತ್ತಾರಂತೆ. ಆಫೀಸಿನ ಗೆಳತಿ ದೀಪಾಲಿ ಹೋದ ವರ್ಷ ಅಂಥವಳೊಬ್ಬಳನ್ನು ಇಟ್ಟುಕೊಂಡಿದ್ದಳು. ನರ್ಸಿಂಗ್ ಹೋಮಿನಲ್ಲಿ ಒಬ್ಬರನ್ನು ಮಾತ್ರ ಒಳಗೆ ಬಿಡುತ್ತಿದ್ದರು.

"ಒಬ್ಬರು ಅಂದ್ರ ನಾ ಇದ್ದೀನಲ್ಲ," ಅಂದಳು ಶಿವಬಸವ್ವ.

ರೇಣು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. "ಅಕ್ಕನ ಹೆರಿಗಿ ನೆನಪದ ಏನು, ಅವ್ವಾ?"

ನೆನಪಿಲ್ಲದೆ ಏನು. ಬಿಜಾಪುರದ ಆಸ್ಪತ್ರೆಯಲ್ಲಿ ದೊಡ್ಡ ಮಗಳು ಕೂಗತೊಡಗಿದ ಕೂಡಲೇ ಶಿವಬಸವ್ವ ಅವಳಿಗಿಂತ ಜೋರಾಗಿ ಅತ್ತಿದ್ದಳು. ಎದೆ ಎದೆ ಬಡಿದುಕೊಂಡಿದ್ದಳು. ಹೆರುವ ಮಗಳೇ ತಾಯಿಯ ಕೈ ಹಿಡಿದು, ನನಗೇನೂ ಆಗುವುದಿಲ್ಲ ಅಳಬೇಡ ಎನ್ನುವ ಹೊತ್ತು ಬಂದಾಗ ನರ್ಸು ತೋಳು ಹಿಡಿದು ಹೊರಗೆ ಕೂರಿಸಿದ್ದಳು. ಈಗ ಚಿಕ್ಕ ಮಗಳು ಕೇಳಿದ್ದು ಅಷ್ಟೇ, ಬೇರೇನೂ ಅನ್ನಲಿಲ್ಲ. ಶಿವಬಸವ್ವ ಎದ್ದು ಬಾಲ್ಕನಿಗೆ ಹೋದಳು.

ಇಂಥವರು ಪುಣೆಯಂಥ ಊರಲ್ಲೂ ಬೆರಳೆಣಿಕೆಯಷ್ಟೇ ಇದ್ದರು. ರೇಣು ಯಾರುಯಾರನ್ನೋ ಕೇಳಿ, ಫೋನು ಮಾಡಿ ಹುಡುಕಿದ್ದಳು. ಮೊದಲು ಬಂದಾಕೆ ಒಳ್ಳೆಯ ಇಂಗ್ಲಿಷಿನಲ್ಲಿ ಮಾತಾಡಿ, ಅಳಿಯ ಸಂಜುವನ್ನು ಚಾಪೆಯ ಮೇಲೆ ಕೂರಿಸಿ, ಹೆಂಡತಿಯನ್ನು ಹಿಂದಿನಿಂದ ಹಿಡಿದು ಉಸಿರು ಎಣಿಸುವುದನ್ನು ಕಲಿಸಹೋದಳು. ಭೋಸರಿಯ ಕಾರ್ಖಾನೆಯಲ್ಲಿ ದಿನವಿಡೀ ಲೇತ್ ಮುಂದೆ ನಿಲ್ಲುವ ಹುಡುಗ ಅಪ್ಪ ಅಮ್ಮನ ಎದುರು ಕಿವಿಯತನಕ ಕೆಂಪಾಗಿ, ಫೋನು ಬಂತೆಂದು ಸುಳ್ಳು ಹೇಳಿ ಕೆಳಗಿಳಿದು ಹೋದ. ಎರಡನೆಯವಳು ಅದೇ ವಾರದಲ್ಲಿ ಹೆರುವವರು ತನಗೆ ಇನ್ನಿಬ್ಬರಿದ್ದಾರೆ ಎಂದು ಫೋನಿನಲ್ಲೇ ಕೈಬಿಟ್ಟಳು. ಮೂರನೆಯವಳು ಸುಲಭಾ. ಯೆರವಡಾದಿಂದ ಸ್ಕೂಟಿಯಲ್ಲಿ ಬಂದಳು, ನಲವತ್ತರ ಹತ್ತಿರದ ಹೆಂಗಸು. ಸೊಲ್ಲಾಪುರದಲ್ಲಿ ಅಜ್ಜಿಯ ಕೈಯಲ್ಲಿ ಬೆಳೆದವಳಾದ್ದರಿಂದ ಮರಾಠಿಯ ನಡುವೆ ಕನ್ನಡವೂ ಬರುತ್ತಿತ್ತು. ರೇಣುಗೆ ಯಾವುದರ ಭಯ ಎಂದು ಕೇಳಿ, ಉತ್ತರ ಬರುವತನಕ ಕಾದಳು. ಅವಳು ಹೋದಮೇಲೆ ರೇಣು ಬಹಳ ದಿನಗಳ ನಂತರ ಹೊಟ್ಟೆ ತುಂಬ ಉಂಡಳು.

ನರ್ಮದಾಬಾಯಿ ಮಾತ್ರ ತಟ್ಟೆ ಎತ್ತುತ್ತ, "ಎಲ್ಲಾ ಖರೆ. ಆದರ ಆಕಿಗೆ ಮಕ್ಕಳೆಷ್ಟು ಅಂತ ಯಾರೂ ಕೇಳಲಿಲ್ಲಲ್ಲ. ಅಂಥಾ ಹೊತ್ತಿನ್ಯಾಗ ಬಾಜೂಕ ನಿಲ್ಲಾಕಿ ಹಡೆದಾಕಿ ಇರಬೇಕು," ಅಂದರು. ಅದನ್ನೆಲ್ಲ ತಾನು ಕೇಳುವುದಿಲ್ಲವೆಂದು ರೇಣು ಮುಖ ತಿರುಗಿಸಿದಳು. ಮಾವ ಶಿವಪುತ್ರಪ್ಪ ಟಿವಿಯ ಸದ್ದು ಹೆಚ್ಚಿಸಿದರು. ವಿಷಯ ಅರ್ಧಕ್ಕೇ ನಿಂತಿತು.

ಆಮೇಲೆ ಶಿವಬಸವ್ವನಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ತನ್ನ ಜಾಗದಲ್ಲಿ ನಿಲ್ಲುವ ಹೆಂಗಸು ಯಾರು, ಎಂಥವಳು? ಒಂದು ಬೆಳಿಗ್ಗೆ, ನಮ್ಮೂರವರೊಬ್ಬರು ಯೆರವಡಾದಲ್ಲಿದ್ದಾರೆ, ನೋಡಿಬರುತ್ತೇನೆ ಎಂದು ಹೇಳಿ, ದಾರಿಯಲ್ಲಿ ಸಿಕ್ಕಸಿಕ್ಕವರನ್ನು ಅರೆಬರೆ ಮರಾಠಿಯಲ್ಲಿ ಕೇಳುತ್ತ, ಎರಡು ಬಸ್ಸು ಬದಲಿಸಿ, ಕೊನೆಗೊಂದು ರಿಕ್ಷಾ ಹಿಡಿದು ಸುಲಭಾಳ ಮನೆಯ ಮುಂದೆ ಇಳಿದಳು.

ಸುಲಭಾ ಆಗಷ್ಟೇ ಯಾವುದೋ ಹೆರಿಗೆ ಮುಗಿಸಿ ಬಂದಿದ್ದಳು. ತಲೆ ಬಾಚಿರಲಿಲ್ಲ, ಒಗ್ಗರಣೆ ಅವಲಕ್ಕಿಯನ್ನು ಬಾಣಲೆಯಲ್ಲೇ ತಿನ್ನುತ್ತ ಕೂತಿದ್ದಳು. ಬಂದವಳನ್ನು ಕಂಡು ಆಶ್ಚರ್ಯಪಡಲಿಲ್ಲ. ಇನ್ನೊಂದು ತಟ್ಟೆ ತಂದು ಮುಂದಿಟ್ಟಳು. ಒಳಗೆ ಹೋಗಿ ಏನು ಮಾಡುತ್ತೀರಿ ಎಂದು ಶಿವಬಸವ್ವ ಕೇಳಿದ್ದಕ್ಕೆ, ಬೆನ್ನು ಒತ್ತುತ್ತೇನೆ, ನೀರು ಕುಡಿಸುತ್ತೇನೆ, ನಡೆದಾಡಿಸುತ್ತೇನೆ, ಒಮ್ಮೊಮ್ಮೆ ಬೈಸಿಕೊಳ್ಳುತ್ತೇನೆ ಎಂದಳು. ನರ್ಸುಗಳ ಪಾಳಿ ಬದಲಾಗುತ್ತದೆ, ಡಾಕ್ಟರರು ಬಂದು ಹೋಗುತ್ತಾರೆ, ತಾನು ಹೋಗುವುದಿಲ್ಲ, ಅಷ್ಟೇ.

"ಇದನ್ನ ತಾಯಿ ಮಾಡಲಿಕ್ಕೆ ಬರೂದಿಲ್ಲೇನು?"

"ಬರ್ತದ, ಮಾವಶಿ. ಭಾಳ ಮಂದಿ ತಾಯಂದಿರು ಮಾಡ್ತಾರ. ಆದರ ನೀವು ಅಳಾಕ ಶುರು ಮಾಡಿದ್ರ ರೇಣು ತನ್ನ ನೋವು ಬಿಟ್ಟು ನಿಮ್ಮನ್ನ ಸಮಾಧಾನ ಮಾಡ್ಕೋತ ಕೂಡ್ತಾಳ. ಆಕಿಗೆ ಇರೂದು ಅದರ ಹೆದರಿಕಿ."

ಮಗಳು ಇದನ್ನೂ ಇವಳಿಗೆ ಹೇಳಿದ್ದಾಳೆ. ಶಿವಬಸವ್ವನ ಮುಖ ಬಿಸಿಯಾಯಿತು. ಆ ಬಿಸಿಯಲ್ಲೇ, ಕೇಳಬೇಕೆಂದು ಬಂದಿದ್ದನ್ನು ಕೇಳಿಬಿಟ್ಟಳು. ನಿಮಗೆ ಮಕ್ಕಳೆಷ್ಟು?

"ಇಲ್ಲ," ಅಂದಳು ಸುಲಭಾ. ಮೂರು ಸಲ ಬಸಿರು ನಿಂತು, ಮೂರು ಸಲವೂ ಹೋಯಿತು. ಕೊನೆಯದು ಏಳನೆಯ ತಿಂಗಳಲ್ಲಿ. ಆಗ ಅವಳಿದ್ದ ಕೋಣೆಗೆ ಯಾರೂ ಬರಲಿಲ್ಲ. ಗಂಡ ಹೊರಗೆ ಬೆಂಚಿನ ಮೇಲೆ, ಅತ್ತೆ ಮನೆಯಲ್ಲಿ. ಗೋಡೆ ನೋಡುತ್ತ ಮಲಗಿದ್ದಳು. "ಕೇಳಿದವರಿಗೆ ಹೇಳ್ತೀನಿ. ಎಷ್ಟೋ ಮಂದಿ ಆಮ್ಯಾಲೆ ಫೋನ್ ಮಾಡಿ, ಬ್ಯಾಡ್ರಿ, ಬ್ಯಾರೆಯವರು ಸಿಕ್ಕಾರ ಅಂತಾರ. ನೀವೂ ಅನ್ನಬೌದು. ನನಗ ಸಿಟ್ಟಿಲ್ಲ."

ಶಿವಬಸವ್ವ ಅವಲಕ್ಕಿಯನ್ನು ಅರ್ಧಕ್ಕೇ ಬಿಟ್ಟು ಎದ್ದಳು. ತಿರುಗಿ ಬರುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕರೂ ಹೊರಗಿನದೇನೂ ಕಾಣಲಿಲ್ಲ. ನರ್ಮದಾಬಾಯಿಯ ನಂಬಿಕೆ ತನ್ನದೂ ಆಗಿತ್ತು, ಅದನ್ನು ಅಲ್ಲಗಳೆಯುವುದು ಹೇಗೆ? ಬಿಜಾಪುರದಲ್ಲಿ ಮಕ್ಕಳಿಲ್ಲದವರನ್ನು ಬಾಣಂತಿಯ ಕೋಣೆಯಿಂದ ಉಪಾಯವಾಗಿ ದೂರ ಇಟ್ಟವಳು ತಾನೇ. ಈಗ ಒಂದೇ ಒಂದು ಮಾತು ಬೀಗತಿಯ ಕಿವಿಗೆ ಹಾಕಿದರೆ ಸಾಕು, ಸುಲಭಾ ಬರುವುದು ತಪ್ಪುತ್ತದೆ, ಒಳಗೆ ಹೋಗುವ ಪಾಳಿ ತನ್ನದಾಗುತ್ತದೆ. ಇದು ಹೊಳೆದಾಗ ಅವಳಿಗೆ ಒಂದು ಕ್ಷಣ ಸಂತೋಷವಾಯಿತು. ಮರುಕ್ಷಣ ಆ ಸಂತೋಷಕ್ಕೇ ಹೇಸಿಗೆಯಾಯಿತು.

ಎರಡು ದಿನ ನುಂಗಿಕೊಂಡೇ ಇದ್ದಳು. ಮೂರನೆಯ ದಿನ ಊಟಕ್ಕೆ ಕೂತಾಗ ನರ್ಮದಾಬಾಯಿ ಮತ್ತೆ ಅದೇ ಮಾತು ತೆಗೆದರು: ಯಾರಾದರೂ ಒಂದು ಫೋನು ಮಾಡಿ ಕೇಳಬಾರದೆ, ಇಲ್ಲವಾದರೆ ತಾನೇ ಕೇಳುತ್ತೇನೆ.

"ನಾ ಹೋಗಿ ನೋಡಿ ಬಂದೀನ್ರಿ," ಅಂದಳು ಶಿವಬಸವ್ವ. ಎಲ್ಲರೂ ಅವಳ ಕಡೆ ತಿರುಗಿದರು. "ಇಬ್ಬರದಾರ. ಗಂಡೊಂದು, ಹೆಣ್ಣೊಂದು."

ಆ ಮಾತು ಎಲ್ಲಿಂದ ಬಂತೋ ಅವಳಿಗೇ ತಿಳಿಯಲಿಲ್ಲ. ನರ್ಮದಾಬಾಯಿ ಸಮಾಧಾನದ ಉಸಿರು ಬಿಟ್ಟು, ಹಾಗಾದರೆ ಆಕೆಯನ್ನೇ ಗೊತ್ತು ಮಾಡಿ ಎಂದು ಸಂಜುಗೆ ಹೇಳಿ, ಇನ್ನೊಂದು ರೊಟ್ಟಿ ಬಡಿಸಿದರು. ರೇಣು ಮಾತ್ರ ತಟ್ಟೆಯಲ್ಲೇ ಕೈತೊಳೆದು ಎದ್ದು ಹೋದಳು. ಹಿಂದೆಯೇ ಬಂದ ತಾಯಿಯನ್ನು ಕೋಣೆಯ ಬಾಗಿಲಲ್ಲೇ ತಡೆದಳು. "ನನ್ನ ಕೇಳದ ಹೋಗಿ ಪರೀಕ್ಷಾ ಮಾಡಿ ಬಂದಿಯಲ್ಲ ಅವ್ವಾ. ಒಂದರೆ ನಾನಾಗಿ ಆರಿಸ್ಕೋತೀನಿ ಅಂದ್ರ ಅದನ್ನೂ ಬಿಡಾಂಗಿಲ್ಲ ನೀ." ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಆರಿಸಿದವಳು ಕೈತಪ್ಪಬಾರದೆಂದೇ ತಾನು ಸುಳ್ಳು ಹೇಳಿದ್ದೆಂದು ಶಿವಬಸವ್ವ ಮಗಳಿಗೆ ಹೇಗೆ ಹೇಳಿಯಾಳು?

ನೋವು ಒಂದು ಗುರುವಾರ ಬೆಳಗಿನಲ್ಲಿ ಶುರುವಾಯಿತು. ನರ್ಸಿಂಗ್ ಹೋಮಿಗೆ ಇವರು ಮುಟ್ಟುವ ಮೊದಲೇ ಸುಲಭಾಳ ಸ್ಕೂಟಿ ಗೇಟಿನಲ್ಲಿ ನಿಂತಿತ್ತು. ಅವಳು ರೇಣುವಿನ ಸೊಂಟಕ್ಕೆ ಕೈಕೊಟ್ಟು ಒಳಗೆ ಕರೆದೊಯ್ದಳು, ಬಾಗಿಲು ಮುಚ್ಚಿತು. ನರ್ಮದಾಬಾಯಿ ಬೆಂಚಿನ ಮೇಲೆ ಕೂತು ಕಣ್ಣು ಮುಚ್ಚಿ ಜಪ ಹಿಡಿದರು. ಸಂಜು ಬೇಕಿಲ್ಲದ ಔಷಧಿ ಅಂಗಡಿಗೆ ಮತ್ತೆ ಮತ್ತೆ ಹೋಗಿಬಂದ. ಶಿವಬಸವ್ವ ಓಣಿಯಂಥ ಆ ಪಡಸಾಲೆಯ ಈ ತುದಿಯಿಂದ ಆ ತುದಿಗೆ ನಡೆದಳು. ಒಳಗಿನಿಂದ ಕೂಗು ಕೇಳಿದರೆ ಎದೆ ಹಾರುತ್ತಿತ್ತು. ಕೂಗು ಕೇಳದಿದ್ದರೆ ಇನ್ನೂ ಹೆಚ್ಚು ಹಾರುತ್ತಿತ್ತು. ತನ್ನ ಸುಳ್ಳಿನಿಂದ ಏನಾದರೂ ಆದರೆ? ಆ ಕೈ ಕೆಟ್ಟ ಕೈಯೇ ಆಗಿದ್ದರೆ? ಯೋಚನೆ ಬಂದಾಗೆಲ್ಲ ಗೋಡೆಗೆ ಅಂಗೈ ಒತ್ತಿ ನಿಲ್ಲುತ್ತಿದ್ದಳು.

ಮಧ್ಯಾಹ್ನ ದಾಟಿದಮೇಲೆ ಸುಲಭಾ ಬಿಸಿನೀರಿಗೆಂದು ಹೊರಗೆ ಬಂದಳು. ಕುಪ್ಪಸ ಬೆವರಿಗೆ ಅಂಟಿಕೊಂಡಿತ್ತು, ಮುಂಗೈ ಮೇಲೆ ಉಗುರಿನ ಗುರುತು. ಡಾಕ್ಟರಮ್ಮನನ್ನು ಕೇಳಿದ್ದೇನೆ, ಐದು ನಿಮಿಷ ಒಳಗೆ ಹೋಗಿಬನ್ನಿ, ನಾನು ಇಲ್ಲಿರುತ್ತೇನೆ ಅಂದಳು.

ರೇಣು ಮಂಚದ ಸರಳಿಗೆ ಹಣೆ ಹಚ್ಚಿ ನಿಂತಿದ್ದಳು. ಕೂದಲು ಕುತ್ತಿಗೆಗೆ ಅಂಟಿತ್ತು. ತಾಯಿಯನ್ನು ನೋಡಿ ಮೊದಲು ಅವಳ ಕಣ್ಣನ್ನೇ ಪರೀಕ್ಷಿಸಿದಳು. ಶಿವಬಸವ್ವ ಸೆರಗಿನ ತುದಿ ಕಚ್ಚಿಕೊಂಡು ಹತ್ತಿರ ಹೋಗಿ, ಸುಲಭಾ ಒತ್ತುತ್ತಿದ್ದ ಜಾಗ ಇದೇ ಇರಬೇಕೆಂದು ಬೆನ್ನಿಗೆ ಅಂಗೈ ಇಟ್ಟಳು.

"ಸ್ವಲ್ಪ ಕೆಳಗ," ಅಂದಳು ರೇಣು. ಒಂದು ನೋವು ಬಂದು ಹೋಯಿತು. ಆಮೇಲೆ, "ನೀ ಹೊರಗ ಅದಿ ಅಂತ ಗೊತ್ತಿದ್ರ ಸಾಕು ಅವ್ವಾ. ದೂರ ಹೋಗಬ್ಯಾಡ."

ಶಿವಬಸವ್ವ ಅಲ್ಲಿ ಅಳಲಿಲ್ಲ. ಹೊರಗೆ ಬಂದು ಬಚ್ಚಲುಮನೆಯಲ್ಲಿ ನಳ ಬಿಟ್ಟುಕೊಂಡು ಅತ್ತಳು. ದೀಪ ಹಚ್ಚುವ ಹೊತ್ತಿಗೆ ಹೆಣ್ಣುಕೂಸು ಹುಟ್ಟಿತು.

ನರ್ಮದಾಬಾಯಿಗೆ ಈಗ ಸುಲಭಾ ಎಂದರೆ ದೇವರ ಸಮಾನ. ನಾಮಕರಣಕ್ಕೆ ಆಕೆ ಗಂಡ ಮಕ್ಕಳ ಸಮೇತ ಬರಲೇಬೇಕೆಂದು ಹಟ ಹಿಡಿದರು. ಹಿಂದಿನ ದಿನ ಪೇಟೆಗೆ ಹೋಗಿ ಒಂದು ಫ್ರಾಕು, ಒಂದು ಶರ್ಟು ತಂದು ಅಡುಗೆಮನೆಯಲ್ಲಿ ಶಿವಬಸವ್ವನ ಮುಂದೆ ಹರಡಿದರು. ಅಳತೆ ಸರಿಹೋಗಬಹುದೇ, ನೀವು ಮಕ್ಕಳನ್ನು ನೋಡಿದ್ದೀರಲ್ಲ ಎಂದು ಕೇಳಿದರು.

ಫ್ರಾಕು ಹಳದಿಯದು, ಕೊರಳಿಗೆ ಲೇಸು. ಇನ್ನೊಂದು ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಶಿವಬಸವ್ವ ಒಲೆ ಆರಿಸಿದಳು.

"ಆಕಿಗೆ ಮಕ್ಕಳಿಲ್ಲ, ಅಕ್ಕಾರ. ಮೂರು ಆದು, ಒಂದೂ ಉಳೀಲಿಲ್ಲ. ನಾನಽ ಸುಳ್ಳ ಹೇಳಿದ್ದೆ."

"ನಿಮಗ ಗೊತ್ತಿದ್ದು?"

"ಗೊತ್ತಿದ್ದು."

ನರ್ಮದಾಬಾಯಿ ಫ್ರಾಕನ್ನು ಮಡಚಿದರು, ಶರ್ಟನ್ನು ಮಡಚಿದರು, ಚೀಲಕ್ಕೆ ಹಾಕಿದರು. ಮಾತಾಡಲಿಲ್ಲ. ಅಂದು ರಾತ್ರಿ ಶಿವಬಸವ್ವ ರೇಣುವಿನ ಪಕ್ಕ ಕೂತು ಅವಳಿಗೂ ಎಲ್ಲ ಹೇಳಿದಳು. ರೇಣು ಕೂಸಿಗೆ ಹಾಲು ಕುಡಿಸುತ್ತ ಕೇಳಿ, ತಾಯಿಯ ತೊಡೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ತೆಗೆಯಲಿಲ್ಲ.

ಮರುದಿನ ಸುಲಭಾ ಒಬ್ಬಳೇ ಬಂದಳು. ಗಂಡನಿಗೆ ರಜೆ ಸಿಗಲಿಲ್ಲವಂತೆ. ಹೆಂಗಸರು ತೊಟ್ಟಿಲ ಸುತ್ತ ನಿಂತು ಕೂಸನ್ನು ಅದರ ಕೆಳಗಿನಿಂದ ಮೇಲಿನಿಂದ ಕೈಯಿಂದ ಕೈಗೆ ದಾಟಿಸುವಾಗ ನರ್ಮದಾಬಾಯಿ ಅವಳನ್ನು ಕರೆಯಲಿಲ್ಲ. ಹಾಸಿಗೆಯಲ್ಲಿದ್ದ ರೇಣು ಅತ್ತೆಯ ಕಡೆ ನೋಡಿದಳು, ಅತ್ತೆ ನೋಡಲಿಲ್ಲ. ಇಂಥದ್ದು ಸುಲಭಾಳಿಗೆ ಹೊಸದಲ್ಲ. ಗೋಡೆಯ ಪಕ್ಕ ಕೂತು ಹೋಳಿಗೆ ಉಂಡು, ರೇಣುವಿಗೆ ಹಾಲಿನ ವಿಷಯ ಏನೋ ಹೇಳಿ, ಇನ್ನೊಂದು ಮನೆಗೆ ಹೋಗಬೇಕು ಎಂದು ಎದ್ದಳು.

ಶಿವಬಸವ್ವ ಅವಳ ಹಿಂದೆಯೇ ಮೆಟ್ಟಿಲಿಳಿದಳು. ಸ್ಕೂಟಿಯ ಹತ್ತಿರ ನಿಂತು, ನಡೆದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದಳು. ಸುಲಭಾ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತ ಕೇಳಿದಳು. ನಗಲಿಲ್ಲ.

"ನನಗ ಉಪಕಾರ ಮಾಡಿದ್ರಿ ಅಂತ ಗೊತ್ತದ. ಆದರ ಇನ್ನೊಮ್ಮೆ ಹಂಗ ಹೇಳಬ್ಯಾಡ್ರಿ, ಮಾವಶಿ. ಇಲ್ಲದ ಮಕ್ಕಳಿಗೆ ಯಾರರೆ ಅಂಗಿ ತಂದಾರ ಅಂದ್ರ, ಆ ಅಂಗಿ ನನ್ನ ಕಣ್ಣ ಮುಂದ ಬರ್ತದ."

ಶಿವಬಸವ್ವನಿಗೆ ತಲೆ ಎತ್ತಲಾಗಲಿಲ್ಲ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು. ನರ್ಮದಾಬಾಯಿ ಏದುಸಿರು ಬಿಡುತ್ತ ಇಳಿದು ಬಂದರು. ಕೈಯಲ್ಲಿ ತಾಟು, ತಾಟಿನಲ್ಲಿ ಅಕ್ಕಿ, ತೆಂಗಿನಕಾಯಿ, ಕುಪ್ಪಸದ ಕಣ. ಮುತ್ತೈದೆಯನ್ನು ಉಡಿ ತುಂಬದೆ ಹೊಸ್ತಿಲು ದಾಟಿಸಿ ಕಳಿಸುವುದು ಅವರ ಮನೆಯ ರೀತಿಯಲ್ಲ. ಮುಖವಿನ್ನೂ ಬಿಗಿದೇ ಇತ್ತು.

"ಸೆರಗ ಹಿಡಿ," ಅಂದರು.

ಸುಲಭಾ ಒಂದು ಗಳಿಗೆ ಅನುಮಾನಿಸಿ, ಕೀಲಿಯನ್ನು ಶಿವಬಸವ್ವನ ಕೈಗೆ ಕೊಟ್ಟು, ಪಾರ್ಕಿಂಗಿನ ಸ್ಕೂಟರುಗಳ ನಡುವೆ ಸೆರಗು ಚಾಚಿದಳು. ನರ್ಮದಾಬಾಯಿ ಹಣೆಗೆ ಕುಂಕುಮ ಹಚ್ಚಿ, ಎರಡೂ ಕೈ ತುಂಬ ಅಕ್ಕಿ ಹಾಕಿದರು, ಕಾಯಿ ಇಟ್ಟರು. ಇನ್ನೇನೋ ಹೇಳುವವರಂತೆ ಬಾಯಿ ತೆರೆದು, "ಗಾಡಿ ಸಾವಕಾಶ ಹೊಡಿ," ಎಂದಷ್ಟೇ ಹೇಳಿ ಮೆಟ್ಟಿಲು ಹತ್ತಿದರು. ಉಡಿ ಗಂಟು ಕಟ್ಟಿಕೊಂಡು ಸುಲಭಾ ಕೀಲಿಗೆ ಕೈ ಚಾಚಿದಳು. ಮೇಲೆ ಕೂಸು ಅಳುವುದು ಕೇಳಿ ಇಬ್ಬರೂ ಒಟ್ಟಿಗೇ ಕಿಟಕಿಯ ಕಡೆ ನೋಡಿದರು.