ಹನ್ನೆರಡನೆಯ ಹಲಗೆ

ಡ್ರಿಲ್ ನಿಂತಿತು, ಮತ್ತೆ ಶುರುವಾಯಿತು, ಗೋಡೆ ಹಲ್ಲು ಕಡಿದ ಹಾಗೆ, ಹತ್ತನೆಯ ಹಲಗೆ ಇರಬೇಕು, ಅಲ್ಲ ಹನ್ನೊಂದು, ಅವಳು ಎಣಿಸುವುದನ್ನು ಯಾವಾಗ ಬಿಟ್ಟಳೋ, ಕಿಟಕಿಯ ಕೆಳಗೆ ಶಾಲೆಯ ಬಸ್ಸು ಬಂದು ನಿಂತಿದೆ, ನಲವತ್ತೆರಡು ಮಕ್ಕಳ ಗಲಾಟೆ ಮೇಲಿನವರೆಗೂ ಬರುತ್ತಿದೆ, ಇನ್ನು ಕಾಲು ಗಂಟೆ. ಒಂದು ಹಲಗೆಗೆ ಮೂರು ಅಡಿ, ಒಂದು ಹಲಗೆಗೆ ಒಂದೇ ತಾರೀಖು — ಈ ವಸ್ತುಸಂಗ್ರಹಾಲಯದಲ್ಲಿ ಮಕ್ಕಳಿಗೆ ಇತಿಹಾಸ ಹೇಳುವ ಕೆಲಸ ಹಿಡಿದು ಹದಿನೈದು ವರ್ಷವಾಯಿತು, ನಿಯಮ ಅವಳದೇ, ಯಾರ ತಲೆಗೂ ಕಟ್ಟುವಂತಿಲ್ಲ. ಗೋಡೆ ಮೂವತ್ತಮೂರು ಅಡಿ. ಅದು ಮುಗಿದಲ್ಲಿ ಹಿಂಬಾಗಿಲು, ಬಾಗಿಲ ಮೇಲೆ ತುರ್ತು ದಾರಿಯ ಹಸಿರು ದೀಪ, ದೀಪದೊಳಗೆ ಓಡುವ ಮನುಷ್ಯ. ಸರ್, ಹನ್ನೊಂದಕ್ಕೆ ಮಾತ್ರ ಜಾಗ ಇದೆ, ಎಂದಿದ್ದಳು, ಟೇಪು ಹಿಡಿದು ತೋರಿಸಿದ್ದಳು, ನಿರ್ದೇಶಕರು ಟೇಪಿನ ಕಡೆ ನೋಡಲೇ ಇಲ್ಲ, ಆ ಬಾಗಿಲು ಯಾರಮ್ಮ ತೆಗೀತಾರೆ, ನೀವು ಬಂದ ಮೇಲೆ ಒಂದು ಸಲನಾದ್ರೂ ತೆಗೆದಿದೀರಾ, ಅದರ ಮೇಲೇ ಹೊಡೆಸಿ. ತೆಗೆದಿರಲಿಲ್ಲ. ಹದಿನೈದು ವರ್ಷದಲ್ಲಿ ಒಮ್ಮೆಯೂ ಅವಳು ಆ ಬಾಗಿಲನ್ನು ಮುಟ್ಟಿರಲಿಲ್ಲ.

ತಾರೀಖು ಆರಿಸುವಾಗ ಮೂರೇ ಪ್ರಶ್ನೆ — ಅವತ್ತು ಏನು ಬದಲಾಯಿತು, ಎಷ್ಟು ಜನಕ್ಕೆ, ಹತ್ತು ವರ್ಷದ ಮಗುವಿನ ಕಣ್ಣಿಗೆ ಅದು ಕಟ್ಟುತ್ತದೆಯೇ. ರೈಲು ಬಂದ ದಿನ ಪಾಸು, ಸೇತುವೆ ಪಾಸು, ಮೊದಲ ನಲ್ಲಿ ನೀರು ಪಾಸು, ಬೆಂಕಿ ಬಿದ್ದ ಮಾರ್ಚ್ ಹದಿನೇಳು ಮೂರು ಪ್ರಶ್ನೆಗೂ ಪಾಸು. ಆಗ ಈ ಕಟ್ಟಡ ನೂಲಿನ ಗಿರಣಿ, ಮಕ್ಕಳು ಬರಲಿರುವ ಈ ಕೋಣೆ ನೂಲುವ ಕೋಣೆ, ಮಧ್ಯಾಹ್ನ ಎರಡೂ ಹತ್ತಕ್ಕೆ ಮುಂಬಾಗಿಲ ಹತ್ತಿರ ಹತ್ತಿಯ ಧೂಳಿಗೆ ಕಿಡಿ ಬಿತ್ತು, ಒಳಗೆ ಹತ್ತೊಂಬತ್ತು ಹೆಂಗಸರು, ಗಾಳಿ ಬಂದ್ರೆ ನೂಲು ಕಡಿಯುತ್ತೆ ಅಂತ ಮೇಸ್ತ್ರಿ ಹಿಂಬಾಗಿಲಿಗೆ ಹೊರಗಿಂದ ಅಗುಳಿ ಜಡಿದಿದ್ದ — ಇದೇ ಬಾಗಿಲು, ಚೌಕಟ್ಟು ಅದೇ, ಅಗುಳಿ ಮಾತ್ರ ಕಿತ್ತಿದ್ದಾರೆ. ಹತ್ತೊಂಬತ್ತರಲ್ಲಿ ಒಬ್ಬಳು ಅವಳ ಚಿಕ್ಕಮ್ಮ, ಅಮ್ಮನ ತಂಗಿ. ಅಮ್ಮನೂ ಅಲ್ಲೇ ಕೆಲಸಕ್ಕಿದ್ದಳು, ಬಸುರಿ, ವಾಂತಿಗೆಂದು ಅಂಗಳಕ್ಕೆ ಹೋಗಿದ್ದಳು, ಹೊಟ್ಟೆಯಲ್ಲಿ ತಾನು, ಎಂದರೆ ಅಮ್ಮನನ್ನು ಹೊರಗೆ ಎಳೆದೊಯ್ದವಳು ತಾನೇ, ಚಿಕ್ಕಮ್ಮನನ್ನು ಒಳಗೆ ಬಿಟ್ಟವಳೂ — ಛೆ, ಹಾಗೆಲ್ಲ ಯೋಚಿಸಬಾರದು, ಯೋಚಿಸುತ್ತಾಳೆ. ಅಮ್ಮ ಅದಕ್ಕೊಂದು ತಾರೀಖು ಹೇಳಿದವಳೇ ಅಲ್ಲ, ನೀನು ಹೊಟ್ಟೇಲಿದ್ದಾಗ ಅನ್ನುತ್ತಾಳೆ, ಅಂಗೈ ಚಾಚುತ್ತಾಳೆ, ಬಲಗೈ, ಅಡ್ಡಕ್ಕೆ ಬಿಳಿ ಪಟ್ಟಿ, ಹೆಬ್ಬೆರಳಷ್ಟು ಅಗಲ, ಕಾದ ಅಗುಳಿಯ ಅಚ್ಚು. ಹಿಂದಿನ ಮೆಟ್ಟಿಲು ಹತ್ತಿ ಓಡಿ ಬಂದೆ, ಕಬ್ಬಿಣ ಉಬ್ಬಿಬಿಟ್ಟಿತ್ತು ಕಣೇ, ಎಷ್ಟೆಳೆದ್ರೂ ಬರ್ಲಿಲ್ಲ, ಒಳಗಿಂದ ಬಡೀತಾನೇ ಇದ್ಳು, ಅಕ್ಕಾ ಅಕ್ಕಾ ಅಂತ, ಆಮೇಲೆ ಬಡೀಲಿಲ್ಲ. ಇಷ್ಟು ಹೇಳಿ ಅಮ್ಮ ಬೇರೆ ಮಾತಿಗೆ ಹೋಗಿಬಿಡುತ್ತಾಳೆ.

ಬೆಂಕಿ ಬೇಡಮ್ಮ, ಎಂದಿದ್ದರು ನಿರ್ದೇಶಕರು, ಮಕ್ಕಳು ಹೆದರ್ಕೋತಾರೆ, ಆಮೇಲೆ ಅಪ್ಪ-ಅಮ್ಮಂದಿರ ಫೋನಿಗೆ ಉತ್ತರ ಕೊಡೋನು ನಾನು, ಏನಾದ್ರೂ ಸಂತೋಷದ್ದಿದ್ರೆ ಇನ್ನೊಂದು ಸೇರಿಸಿ. ಸೇರಿಸಿದಳು. ಆಹಾ, ಎಂಥ ಜಾಣೆ. ಮರುವರ್ಷ ಗಿರಣಿಗೆ ಹೊಸ ಯಂತ್ರ ಬಂದವು, ಹಳೆಯವು ಸುಟ್ಟು ಕರಕಲಾದ್ದರಿಂದಲೇ ಬಂದವು, ಹಲಗೆಯ ಮೇಲೆ ಮಾತ್ರ ಹೊಸ ಯಂತ್ರಗಳ ಆಗಮನ, ಮಾಲೆ ಹಾಕಿದ ಯಂತ್ರದ ಫೋಟೋ, ಭೇಷ್ ಎಂದರು ನಿರ್ದೇಶಕರು. ಯಾವತ್ತೋ ಒಂದು ಮಗು ಕೇಳಿಯೇ ಕೇಳುತ್ತದೆ, ಹಳೆಯದಕ್ಕೆ ಏನಾಯಿತು ಎಂದು, ಅವತ್ತು ಹೇಳುತ್ತೇನೆ, ಹತ್ತೊಂಬತ್ತು ಹೆಸರೂ ಹಿಡಿದು ಹೇಳುತ್ತೇನೆ, ಯಾರ ಕಣ್ಣಿಗೂ ಬೀಳದೆ ಚಿಕ್ಕಮ್ಮನನ್ನು ಗೋಡೆಗೆ ಹತ್ತಿಸಿಬಿಟ್ಟೆ ಎಂದು ಒಳಗೊಳಗೇ ಹಿಗ್ಗಿದ್ದಳು, ಬೆಂಕಿ ಬಿಟ್ಟು ಸರಿಯಾಗಿ ಹನ್ನೊಂದಿದ್ದದ್ದು ಹನ್ನೆರಡಾಯಿತು ಎಂಬುದು ಆಗ ತಲೆಗೆ ಹೋಗಲಿಲ್ಲ. ಕೊನೆಯದು ವಸ್ತುಸಂಗ್ರಹಾಲಯದ ಉದ್ಘಾಟನೆ, ನಿರ್ದೇಶಕರು ಕತ್ತರಿ ಹಿಡಿದು ನಕ್ಕ ಫೋಟೋ, ಅದು ಮೂರಡಿ ಸರಿದು ಸೀದಾ ಬಾಗಿಲ ಮೇಲೆ ಕೂತಿತು. ಒಂದನ್ನು ಕಿತ್ತರೆ ಬಾಗಿಲು ಉಳಿಯುತ್ತದೆ. ಉಳಿದ ಹನ್ನೊಂದಕ್ಕೂ ಸಮಿತಿಯ ಸಹಿ ಬಿದ್ದಿದೆ, ಅವಳ ಕೈಯಲ್ಲಿರುವುದು ಎಂಟನೆಯದು ಒಂದೇ, ಯಂತ್ರದ್ದು, ಚಿಕ್ಕಮ್ಮನದು.

ಮೇಡಂ, ಇದರ ಹಿಂದೆ ಬಾಗಿಲಿದೆಯಲ್ಲಾ, ಹೊಡೆದುಬಿಡ್ಲಾ? ಬಡಗಿ ತುಟಿಯ ನಡುವೆ ಸ್ಕ್ರೂ ಕಚ್ಚಿಕೊಂಡೇ ಕೇಳುತ್ತಾನೆ, ಹಲಗೆಯನ್ನು ಹೆಗಲಿನಿಂದ ಒತ್ತಿ ಹಿಡಿದಿದ್ದಾನೆ, ಅದರ ನೆತ್ತಿಯ ಮೇಲೆ ಹಸಿರು ಮನುಷ್ಯ ಇನ್ನೂ ಓಡುತ್ತಿದ್ದಾನೆ. ಎಂಟನೇದು ಬಿಚ್ಚಿ, ಇದನ್ನ ಈಚೆ ತನ್ನಿ — ಅಷ್ಟು ಹೇಳಿದರೆ ಆಯಿತು, ನಾಲಿಗೆಯ ತುದಿಗೆ ಬಂದಿದೆ, ಆದರೆ ಬಿಚ್ಚಿದರೆ ಚಿಕ್ಕಮ್ಮ ಮತ್ತೆ ಎಲ್ಲಿ, ಎಲ್ಲೂ ಇಲ್ಲ, ಇವತ್ತೊಂದು ದಿನ ಇರಲಿ, ನಾಳೆ ನೋಡೋಣ, ಒಂದು ದಿನದಲ್ಲಿ ಏನಾಗಿಬಿಡುತ್ತದೆ — ಮೇಸ್ತ್ರಿಯೂ ಹೀಗೇ ಅಂದುಕೊಂಡಿರಬೇಕು — ಹ್ಞೂಂ, ಹೊಡೀರಿ. ಯಾರು ಹೇಳಿದ್ದು ಅದು, ಅವಳ ಗಂಟಲೇ, ಡ್ರಿಲ್ ತಿರುಗುತ್ತಿದೆ, ಕಾದ ಮರದ ವಾಸನೆ, ಒಂದು, ಎರಡು, ಮೂರು, ನಾಲ್ಕು, ಮುಗಿಯಿತು, ಬಡಗಿ ಹೊರಟ, ಮೆಟ್ಟಿಲ ಮೇಲೆ ಬೂಟುಗಳು, ನಲವತ್ತೆರಡು ಜೊತೆ ಬೂಟು, ಸಾಲಾಗಿ ಬನ್ನಿ, ತಳ್ಳಬೇಡಿ, ಕೊನೆಯ ಮಗು ಒಳಗೆ ಬಂದದ್ದೇ ಕಾವಲುಗಾರ ಮುಂಬಾಗಿಲು ಎಳೆಯುತ್ತಾನೆ, ಏಸಿ ಎಲ್ಲಾ ಹೊರಗೆ ಹೋಗುತ್ತೆ ಮೇಡಂ, ಗಾಳಿ ಬಂದ್ರೆ ನೂಲು ಕಡಿಯುತ್ತೆ, ಚಿಲಕ ಬಿದ್ದ ಸದ್ದು. ಮಿಸ್, ಹಳೇ ಯಂತ್ರಕ್ಕೆ ಏನಾಗಿತ್ತು — ಎರಡು ಜಡೆಯ ಹುಡುಗಿ, ಎಂಟನೆಯ ಹಲಗೆಯ ಮುಂದೆ, ಇಷ್ಟು ಬೇಗ, ಮೊದಲ ದಿನವೇ, ಹೇಳಬೇಕು, ಬಾಯಿ ತೆರೆಯುತ್ತಾಳೆ, ಆ ತುದಿಯಲ್ಲಿ ಯಾವುದೋ ಮಗು ಹನ್ನೆರಡನೆಯದಕ್ಕೆ ಗೆಣ್ಣಿನಿಂದ ಕುಟ್ಟುತ್ತಿದೆ, ಮಿಸ್ ಇದು ಟೊಳ್ಳು, ಹಿಂದೆ ಏನೋ ಇದೆ, ಇನ್ನೊಂದು ಮಗು ಕುಟ್ಟುತ್ತದೆ, ಮತ್ತೊಂದು, ಈಗ ಎಲ್ಲರೂ, ನಗುತ್ತಾ, ಆಟಕ್ಕೆ, ಒಳಗಿಂದ ಬಡಿಯುತ್ತಿದ್ದಾರೆ, ಅವಳು ಮಕ್ಕಳನ್ನು ಸರಿಸಿ ಹಲಗೆಯ ಅಂಚು ಹಿಡಿದು ಎಳೆಯುತ್ತಾಳೆ, ಬರುವುದಿಲ್ಲ, ಸ್ಕ್ರೂ ಇನ್ನೂ ಬಿಸಿ, ಎಳೆಯುತ್ತಾಳೆ, ಬರುವುದಿಲ್ಲ, ಅಂಗೈ, ಅಮ್ಮನ ಅಂಗೈ, ಬಲಗೈ, ಅಡ್ಡಕ್ಕೆ ಬಿಳಿ ಪಟ್ಟಿ