ದುಬೈಗೆ ಹೊರಟ ಬುತ್ತಿ

ವಿಜಯಪುರ, ತಿಕೋಟಾ ಕಡೆಯ ಮಣೂಕದ, ಅಂದರೆ ಒಣದ್ರಾಕ್ಷಿಯ, ವ್ಯಾಪಾರಿಗಳು ಯಾರೇ ದುಬೈಗೆ ಹೊರಟರೂ ಮೊದಲು ಇಬ್ರಾಹಿಂಪುರಕ್ಕೆ ಬಂದು ದೇವಾನಂದನ ಮುಂದೆ ಬ್ಯಾಗು ಬಿಚ್ಚಬೇಕು. ಇದೇನು ಸರಕಾರ ಮಾಡಿದ ಕಾಯಿದೆಯಲ್ಲ. ಹನ್ನೊಂದು ವರ್ಷ ಅಲ್ಲಿನ ಗೋದಾಮಿನಲ್ಲಿ ದುಡಿದು ಬಂದ ಮನುಷ್ಯ, ಅವನು ಹೇಳಿದಂತೆ ಕೇಳಿದವರು ಯಾರೂ ಕೆಟ್ಟಿಲ್ಲ ಅನ್ನುವ ಮಾತು ಬಾಯಿಂದ ಬಾಯಿಗೆ ಹರಡಿತ್ತು, ಅಷ್ಟೇ. ಯಾರಿಂದಲೂ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಆದರೆ ಬಾಯಿ ಮಾತ್ರ ಬಲು ಖಾರ.

ಆ ದಿನ ಮಧ್ಯಾಹ್ನ ಬಂದವನು ತಿಕೋಟಾದ ಸಿದ್ದಲಿಂಗೇಶ. ನಲವತ್ತರ ಆಸುಪಾಸಿನವನು. ಹೊಸ ಶರ್ಟು, ಹೊಸ ಬ್ಯಾಗು, ಮೊದಲ ಪರದೇಶ ಪ್ರಯಾಣ. ಸಂಜೆ ಮುಂಬೈ ಬಸ್ಸು, ಮರುದಿನ ವಿಮಾನ. ದೇವಾನಂದ ಮಂಚದ ಮೇಲೆ ಚಾದರ ಹಾಸಿ, "ಸುರೀರಿ" ಅಂದ.

"ಎಲ್ಲಾನೂ?"

"ಅಲ್ಲಿ ಕಸ್ಟಮ್ಸ್‌ನವ್ರ ಮುಂದ ನಾಚಿಕೊಂಡು ನಿಂದ್ರೂದಕ್ಕಿಂತ ನನ್ನ ಮುಂದ ನಾಚಕೋರಿ. ಸುರೀರಿ."

ಆಮೇಲೆ ಶುರುವಾಯಿತು. "ಬಿಪಿ ಗುಳಿಗಿ ಅದಾವ, ಡಾಕ್ಟರ್ ಚೀಟಿ ಎಲ್ಲೈತಿ? ಅದಿಲ್ಲದ ಒಯ್ಯಬ್ಯಾಡ್ರಿ. ಹೋಟೆಲ್ಲಿನ ಹೆಸರು ಫೋನಿನ್ಯಾಗಷ್ಟ ಇಟ್ರ, ಚಾರ್ಜ್ ಹ್ವಾದಮ್ಯಾಲೆ ಯಾರನ್ನ ಕೇಳ್ತೀರಿ? ಹಾಳಿ ಮ್ಯಾಲೆ ಬರ್ಕೋರಿ. ಪಾಸ್‌ಪೋರ್ಟಿನ ಝೆರಾಕ್ಸ್ ಒಂದು ಮನ್ಯಾಗ ಕೊಡ್ರಿ. ನಿಮ್ಮ ಮಾಲು ತಗೊಳ್ಳೂ ಅರಬ ಸೇಟ್ ಮೊದಲ ಕಾವಾ ಕೊಡ್ತಾನ, ಅವ್ರ ಕಾಫಿ. ಅದನ್ನ ಕುಡಿಯೂತನಾ ರೇಟಿನ ಮಾತು ತಗೀಬ್ಯಾಡ್ರಿ. ಮನಿ ಮಂದಿ ಆರಾಮ ಅದಾರೇನು ಅಂತ ಕೇಳ್ರಿ, ಆದ್ರ ಅವನ ಹೆಂಡ್ತಿ ಸುದ್ದಿ ಮಾತ್ರ ಕೇಳಬ್ಯಾಡ್ರಿ. ಏರ್‌ಪೋರ್ಟಿನ್ಯಾಗ ಯಾರರ ನಾವೂ ನಿಮ್ಮ ಊರವ್ರ ಅಂತ ಗಂಟು ಕೊಟ್ರ ಮುಟ್ಟಬ್ಯಾಡ್ರಿ, ಕಾಲಿಗೆ ಬಿದ್ರೂ."

ಸಿದ್ದಲಿಂಗೇಶ ಸಾಲಿ ಹುಡುಗನ ಹಾಗೆ ತಲೆಯಾಡಿಸುತ್ತಿದ್ದ. ಮಣೂಕದ ಸ್ಯಾಂಪಲ್ ಪಾಕೀಟುಗಳ ಕೆಳಗೆ ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿದ ಡಬ್ಬಿಯೊಂದು ಉಳಿದಿತ್ತು. ದೇವಾನಂದ ಅದಕ್ಕೆ ಕೈ ಹಾಕಿದ ಕೂಡಲೇ ಅವನು ತಡೆದ.

"ಅದನ್ನ ಬಿಚ್ಚಬ್ಯಾಡ್ರಿ ಕಾಕಾ. ಅವ್ವ ಕಟ್ಟಿದ ಬುತ್ತಿ ಐತಿ, ಅಂಟಿನುಂಡಿ."

ಅವರ ಮನೆಯಲ್ಲಿ ದೂರ ಹೊರಟವರಿಗೆ ಹಿರಿಯಳೇ ಬುತ್ತಿ ಕಟ್ಟಬೇಕು, ಆ ಗಂಟನ್ನು ಹೋಗಿ ತಲುಪಿದ ಊರಿನಲ್ಲೇ ಬಿಚ್ಚಬೇಕು. ಎಂಬತ್ತು ದಾಟಿದ ಅವನ ತಾಯಿ ಕಾಶಿಬಾಯಿ ನಡುಗುವ ಕೈಯಲ್ಲಿ ಎರಡು ದಿನ ಕುಳಿತು ಉಂಡೆ ಕಟ್ಟಿದ್ದಳು.

"ಏನೇನು ಹಾಕ್ಯಾರ?"

"ನಮ್ಮ ತ್ವಾಟದ ಮಣೂಕ, ಉತ್ತತ್ತಿ, ಒಣಕೊಬ್ಬರಿ. ಕಸಕಸಿ ಹುರದು ಭರಪೂರ ಹಾಕ್ಯಾಳ. ಸೇಟ್‌ಗೂ ಒಂದು ತಿನಸಬೇಕಂತ ಮಾಡೀನಿ."

ದೇವಾನಂದನ ಮುಖ ಇಳಿದುಹೋಯಿತು. "ಇದು ಇಲ್ಲೇ ಇರ್ಲಿ, ಸಾವಕಾರ್ರ. ಅಲ್ಲಿ ಕಸಕಸಿ ಅಫೀಮಿನ ಲೆಕ್ಕಕ್ಕ ಬರ್ತೈತಿ. ಸಿಕ್ರ ಜೈಲು."

ಸಿದ್ದಲಿಂಗೇಶ ಮೊದಲು ನಕ್ಕ. ನಮ್ಮಲ್ಲಿ ಬಾಣಂತಿಯರಿಗೆ ತಿನ್ನಿಸುವ ಗಸಗಸೆಯನ್ನು ಅಫೀಮು ಅಂದರೆ ಯಾರು ನಗುವುದಿಲ್ಲ? ಆಮೇಲೆ ಅವನಿಗೆ ಸಿಟ್ಟೂ ಬಂತು. ಡಬ್ಬಿಯನ್ನು ಎತ್ತಿ ಬ್ಯಾಗಿನೊಳಗೆ ಇಟ್ಟ. "ನೀವು ಹೇಳಿದ್ದೆಲ್ಲಾ ಕೇಳೇನಿ ಕಾಕಾ. ಇದೊಂದು ಕೇಳಂಗಿಲ್ಲ. ಹಿಂಗ ಯಾರಿಗರ ಆಗೇತೇನು? ಒಬ್ಬರ ಹೆಸರು ಹೇಳ್ರಿ, ಬಿಟ್ಟು ಹೋಗ್ತೀನಿ."

ದೇವಾನಂದ ಅಡುಗೆಮನೆಯ ಕಡೆ ನೋಡಿದ. ಒಳಗೆ ಹೆಂಡತಿ ರೇಣವ್ವ ಚಹಾ ಸೋಸುತ್ತಿದ್ದಳು.

ಹೇಳಲು ಹೆಸರಿತ್ತು. ಅದು ಅವನದೇ. ಹದಿನೆಂಟು ವರ್ಷದ ಹಿಂದೆ ರಜೆಗೆ ಬಂದವನು, ಅಲ್ಲಿ ರಾತ್ರಿ ನಿದ್ದೆ ಹತ್ತುವುದಿಲ್ಲ ಅಂತ ಯಾವಾಗಲೋ ಅಂದಿದ್ದ. ರೇಣವ್ವ ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಉಂಡೆಗೂ ಕಸಕಸಿ ಹಾಕಿ, ಹಾಲಿನಲ್ಲಿ ಕುದಿಸಿಕೊಂಡು ಕುಡಿಯಲಿ ಅಂತ ಒಂದು ಚೀಲ ಬೇರೆ ಕಟ್ಟಿಕೊಟ್ಟಿದ್ದಳು. ವಿಮಾನ ಇಳಿದಲ್ಲೇ ಅವನನ್ನು ಹಿಡಿದರು. ಏಳು ತಿಂಗಳು ಒಳಗಿದ್ದ. ನಾಲ್ಕನೆಯ ತಿಂಗಳಲ್ಲಿ ಹುಟ್ಟೂರು ಕಾಖಂಡಕಿಯಲ್ಲಿ ಅವನ ತಾಯಿ ಸಕ್ರವ್ವ ತೀರಿಕೊಂಡಳು. ದುಬೈಯ ಕೋಣೆಯಲ್ಲಿ ಜೊತೆಗಿದ್ದ ಗೆಳೆಯ ಆಸಿಫ ಊರಿಗೆ ಫೋನು ಮಾಡಿ, ದೇವಾನಂದನಿಗೆ ರಜೆ ಸಿಗಲಿಲ್ಲ ಅಂತ ಸುಳ್ಳು ಹೇಳಿದ. ಬಿಡುಗಡೆಯಾಗಿ ಬಂದ ದೇವಾನಂದ ಆ ಸುಳ್ಳನ್ನೇ ಮುಂದುವರಿಸಿದ.

ಅಂದಿನಿಂದ ರೇಣವ್ವನಿಗೆ ಅದೊಂದು ಎತ್ತಿ ಆಡುವ ಮಾತಾಯಿತು. ಸಾರಿಗೆ ಉಪ್ಪು ಹೆಚ್ಚಾಯಿತು ಅಂತ ಇವನು ಗೊಣಗಿದರೂ ಸಾಕು, "ಹೆತ್ತಾಕಿ ಮಣ್ಣಿಗೆ ಬರದವ್ರು ನನಗೇನು ಹೇಳ್ತೀರಿ" ಅನ್ನುವಳು. ಊರಿಗೆಲ್ಲ ಜಬರಿಸುವ ಗಂಡಸು ಆಗ ತಲೆ ತಗ್ಗಿಸಿ ಉಣ್ಣುತ್ತಿದ್ದ. ನಿಜ ಹೇಳಿದ್ದರೆ ಅವಳ ಬಾಯಿ ಜನ್ಮಕ್ಕೆಲ್ಲ ಮುಚ್ಚುತ್ತಿತ್ತು. ಅವನ ಅಂಜಿಕೆಯೂ ಅದೇ ಆಗಿತ್ತು. ತನ್ನ ಕೈಯಾರೆ ಕಟ್ಟಿದ್ದೇ ಗಂಡನನ್ನು ಜೈಲಿಗೆ ಹಾಕಿತು ಅಂತ ತಿಳಿದರೆ ಅವಳು ಉಂಡ ಅನ್ನ ಮೈಗೆ ಹತ್ತುತ್ತದೆಯೇ? ಅವಳನ್ನು ಅವನು ಅಷ್ಟು ಪ್ರೀತಿಸುತ್ತಿದ್ದ. ಅದನ್ನೂ ಯಾವತ್ತೂ ಹೇಳಿರಲಿಲ್ಲ.

ಸಿದ್ದಲಿಂಗೇಶ ಬ್ಯಾಗಿನ ಚೈನು ಎಳೆಯುತ್ತಿದ್ದ. ಈ ಮನುಷ್ಯನ ತಾಯಿಗೆ ಎಂಬತ್ತು ದಾಟಿದೆ. ಅವನು ಒಳಗಿರುವಾಗಲೇ ಅವಳು ಕಣ್ಣು ಮುಚ್ಚಿದರೆ? ದೇವಾನಂದನಿಗೆ ಸುಮ್ಮನಿರಲು ಆಗಲಿಲ್ಲ.

"ನನಗ ಆಗೇತ್ರಿ," ಅಂದ, ದನಿ ತಗ್ಗಿಸಿ. "ಮನಿಯಿಂದ ಒಯ್ದ ಕಸಕಸೀಗೆ ಏಳು ತಿಂಗಳ ಜೈಲಿನ್ಯಾಗಿದ್ದೆ. ನಮ್ಮವ್ವ ಸತ್ತಾಗ ಅಲ್ಲೇ ಇದ್ದೆ. ಗ್ವಾಡಿಗೆ ತಲಿ ಬಡ್ಕೊಂಡು ಅತ್ತೀನಿ."

ದನಿ ತಗ್ಗಿಸಿದ್ದು ಸಾಲಲಿಲ್ಲ. ರೇಣವ್ವ ಚಹಾದ ಕಪ್ಪು ಹಿಡಿದು ಬಾಗಿಲಲ್ಲೇ ನಿಂತಿದ್ದಳು.

"ನಿದ್ದಿ ಹತ್ತಂಗಿಲ್ಲ ಅಂದಿದ್ರಲ್ಲ, ಆ ಸಲ?" ಅಂದಳು.

ಅವನು ಹೌದೆಂದು ತಲೆಯಾಡಿಸಿದ. ಅವಳು ಮೆಲ್ಲಗೆ ಬಂದು ಕಪ್ಪನ್ನು ಸಿದ್ದಲಿಂಗೇಶನ ಕೈಗೆ ಕೊಟ್ಟಳು. ಅವನು ಅದನ್ನು ಕುಡಿಯದೆ ಕೆಳಗಿಟ್ಟು, ಬ್ಯಾಗು ಬಿಚ್ಚಿ, ಡಬ್ಬಿಯನ್ನು ತೆಗೆದು ಮಂಚದ ಮೇಲಿಟ್ಟ. "ಅವ್ವಗ ಏನು ಹೇಳ್ಲಿ ಕಾಕಾ?" ಅಂದ.

ಹೇಳಿದವಳು ರೇಣವ್ವ.

"ತಿಂದೆ ಅನ್ನು ತಮ್ಮಾ. ಸೇಟೂ ತಿಂದ, ಭಾಳ ಚಲೋ ಆಗ್ಯಾವ ಅಂದ ಅಂತ ಹೇಳು. ಖರೇ ಮಾತ್ರ ಹೇಳಬ್ಯಾಡ. ಕಟ್ಟಿದಾಕಿ ಜೀವ ತಡಿಯಂಗಿಲ್ಲ."

ಅವನು ಇಬ್ಬರ ಕಾಲಿಗೂ ನಮಸ್ಕರಿಸಿ ಹೊರಟುಹೋದ. ರೇಣವ್ವ ಮಂಚದ ಕಾಲಿಗೆ ಒರಗಿ ನೆಲದ ಮೇಲೆ ಕುಳಿತಳು. ದೇವಾನಂದ ಕೆಳಗಿಳಿದು ಪಕ್ಕದಲ್ಲಿ ಕುಳಿತ. ಅವಳು ಅತ್ತುಬಿಟ್ಟರೆ ಒಳ್ಳೆಯದು ಅನ್ನಿಸಿತು ಅವನಿಗೆ. ಅವಳು ಅಳಲಿಲ್ಲ. ಅವನ ಮುಖ ನೋಡದೆ ಅಂದಳು:

"ಹದಿನೆಂಟು ವರ್ಷ ಬೈದೀನಿ ನಿಮ್ಮನ್ನ. ಒಂದ ದಿನಾನರ ತಿರುಗಿ ಬೈಬೇಕಿತ್ತಲ್ರಿ."